ನೋಕಿಯಾ 5800ರ ಟಚ್ ಗಾಜು ಬದಲಾವಣೆ: ಬ್ಯಾಡಗಿಯಿಂದ ಬಂದ ಫೋನಿನ ದುರಸ್ತಿ ದಾಖಲೆ

ಹಾವೇರಿಯ ನನ್ನ ಕೆಲಸದ ಮೇಜಿಗೆ ಈ ಸಲ ಬಂದದ್ದು ನೋಕಿಯಾ 5800 ಎಕ್ಸ್‌ಪ್ರೆಸ್‌ಮ್ಯೂಸಿಕ್. 2008ರ ಅಕ್ಟೋಬರ್ 2ರಂದು ಪ್ರಕಟವಾದ ಈ ಫೋನು ಸಿಂಬಿಯನ್ ಎಸ್60 ತಂತ್ರಾಂಶದ ಐದನೇ ಆವೃತ್ತಿಯನ್ನು ಹೊತ್ತು ಬಂದ ಮೊದಲನೆಯದು. ಅದಕ್ಕೂ ಹಿಂದಿನ ಎಸ್60 ಆವೃತ್ತಿಗಳು ಕೀಲಿಗಳಿಂದ ನಡೆಸುವುದಕ್ಕಾಗಿಯೇ ರಚಿತವಾಗಿದ್ದವು. ಮಾಲೀಕರು ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ದಲಾಲಿ ಅಂಗಡಿ ಇಟ್ಟಿರುವ ನಮ್ಮ ಬಂಧುಗಳು. ಹಲವು ಹಂಗಾಮುಗಳ ವ್ಯಾಪಾರವನ್ನು ಅವರು ಇದರ ಮೇಲೆಯೇ ನಡೆಸಿದ್ದರು. ಆ ಕಾಲದ ರೈತರ ಮತ್ತು ಖರೀದಿದಾರರ ಸಂಖ್ಯೆಗಳೆಲ್ಲ ಫೋನಿನ ಒಳ ಮೆಮೊರಿಯಲ್ಲಿ ಉಳಿದಿವೆ, ಸಿಮ್‌ನಲ್ಲಿ ಇಲ್ಲ. ಆ ಸಂಖ್ಯೆಗಳನ್ನು ಹೊರತೆಗೆದುಕೊಡಬೇಕು ಎಂಬುದು ಅವರ ಕೋರಿಕೆ. ಫೋನು ಪೂರ್ತಿಯಾಗಿ ನಡೆಯುವಂತಾಗಬೇಕು ಎಂಬುದು ನಾನು ಸೇರಿಸಿಕೊಂಡ ಗುರಿ.

ಬಂದಾಗ ಬ್ಯಾಟರಿ ಉಬ್ಬಿ ಹಿಂಬದಿಯ ಮುಚ್ಚಳವನ್ನು ಎತ್ತಿತ್ತು, ಕಿವಿಯ ಸ್ಪೀಕರಿನ ಜಾಳಿಗೆ ಕೆಂಪಗೆ ಕಟ್ಟಿಕೊಂಡಿತ್ತು, ಪರದೆಯ ಅಂಚಿನಲ್ಲಿ ಗಾಜಿನ ಕೆಳಗೂ ಅದೇ ಕೆಂಪು ಧೂಳಿನ ಗೆರೆ ಕಾಣುತ್ತಿತ್ತು.

ಬ್ಯಾಟರಿ

ಈ ಫೋನಿನದು ಬಿಎಲ್-5ಜೆ ಎಂಬ, 3.7 ವೋಲ್ಟ್, 1320 ಮಿಲಿಆಂಪಿಯರ್-ಅವರ್ ಸಾಮರ್ಥ್ಯದ ಲಿಥಿಯಂ ಬ್ಯಾಟರಿ. ಉಬ್ಬಿದ್ದನ್ನು ಒತ್ತದೆ, ಚುಚ್ಚದೆ ಹೊರತೆಗೆದು, ತುದಿಗಳಿಗೆ ಟೇಪು ಸುತ್ತಿ ಇ-ತ್ಯಾಜ್ಯಕ್ಕೆಂದು ಬೇರೆ ಇಟ್ಟೆ. ಬದಲಿ ಬ್ಯಾಟರಿಗಾಗಿ ಅಂಗಡಿಗೆ ಹೋಗುವ ಅಗತ್ಯ ಬೀಳಲಿಲ್ಲ, ಏಕೆಂದರೆ 2013ರ ಲೂಮಿಯಾ 520ಕ್ಕೂ ನೋಕಿಯಾ ಇದೇ ಬಿಎಲ್-5ಜೆ ಮಾದರಿಯನ್ನೇ ಬಳಸಿತ್ತು. ಹೊರ ಅಳತೆ ಮತ್ತು ಮೂರು ಸಂಪರ್ಕ ತುದಿಗಳ ಸ್ಥಾನ ಹಾಗೆಯೇ ಉಳಿದು, ಸಾಮರ್ಥ್ಯ ಮಾತ್ರ 1430ಕ್ಕೆ ಏರಿತ್ತು. ಮನೆಯಲ್ಲಿದ್ದ ಲೂಮಿಯಾದ ಬ್ಯಾಟರಿ ಮಲ್ಟಿಮೀಟರಿನಲ್ಲಿ 3.9 ವೋಲ್ಟ್ ತೋರಿಸಿತು. ಅದನ್ನು ಹಾಕಿ ಪವರ್ ಗುಂಡಿ ಒತ್ತಿದಾಗ ನೋಕಿಯಾದ ಕೈಕುಲುಕುವ ಚಿತ್ರ ಮೂಡಿ, ಬಳಿಕ ಲಾಕ್ ಕೋಡ್ ಕೇಳುವ ಸಂಖ್ಯಾಫಲಕ ಬಂತು. ಮುಖ್ಯ ಬೋರ್ಡು, ಡಿಸ್‌ಪ್ಲೇ ಮತ್ತು ಮೆಮೊರಿ ಮೂರೂ ಜೀವಂತವಾಗಿವೆ ಎಂಬುದು ಅಲ್ಲಿಗೆ ಖಚಿತವಾಯಿತು.

ಬಿಎಲ್-5ಜೆ ಎಂಬ ಒಂದು ಹೆಸರು ಇಷ್ಟು ಮಾದರಿಗಳಿಗೆ ಹೊಂದುತ್ತದೆ ಎಂಬುದು ವಿವರ ಪಟ್ಟಿಯಲ್ಲಿ ಯಾರ ಕಣ್ಣಿಗೂ ಬೀಳದ ಸಾಲು. 2007ರ ಮೊದಲ ಐಫೋನಿನಲ್ಲಿ ಬ್ಯಾಟರಿಯ ತಂತಿಗಳನ್ನು ಬೋರ್ಡಿಗೆ ಬೆಸುಗೆ ಹಾಕಲಾಗಿತ್ತು. ಅಲ್ಲಿ ಈ ಮೊದಲ ಹೆಜ್ಜೆಗೇ ಬೆಸುಗೆ ಕಡ್ಡಿ ಬೇಕಾಗುತ್ತಿತ್ತು.

ಟಚ್ ದೋಷದ ಪತ್ತೆ

ಲಾಕ್ ಕೋಡ್ ಮಾಲೀಕರಿಗೆ ನೆನಪಿತ್ತು, ಆದರೆ ಅದನ್ನು ಒತ್ತಲು ಬರುತ್ತಿರಲಿಲ್ಲ. ಫಲಕದ ಯಾವ ಅಂಕಿಯನ್ನು ಒತ್ತಿದರೂ ಅದೇ ಸಾಲಿನ ಎಡತುದಿಯ ಗುಂಡಿಯೇ ಬಣ್ಣ ಬದಲಿಸುತ್ತಿತ್ತು: 3ನ್ನು ಒತ್ತಿದರೆ 1, 5ನ್ನು ಒತ್ತಿದರೆ 4, 9ನ್ನು ಒತ್ತಿದರೆ 7. ಈ ಫೋನಿನ ಮುಖದ ಮೇಲಿರುವುದು ಕರೆ, ಮೆನು ಮತ್ತು ಮುಕ್ತಾಯ ಎಂಬ ಮೂರೇ ಗುಂಡಿಗಳು. ಉಳಿದದ್ದೆಲ್ಲ ಗಾಜಿನ ಮೇಲೆಯೇ ನಡೆಯಬೇಕು. ಕರೆ, ಮುಕ್ತಾಯ ಮತ್ತು ಕ್ಯಾಮೆರಾ ಗುಂಡಿಗಳನ್ನು ಪವರ್ ಗುಂಡಿಯ ಜೊತೆ ಒತ್ತಿ ಹಿಡಿದು ಫೋನನ್ನು ಕಾರ್ಖಾನೆಯ ಸ್ಥಿತಿಗೆ ಮರಳಿಸುವ ಉಪಾಯವೊಂದು ಇದೆ. ಅದರಿಂದ ಒಳ ಮೆಮೊರಿಯ ಸಂಖ್ಯೆಗಳೆಲ್ಲ ಅಳಿದುಹೋಗುವುದರಿಂದ ಆ ದಾರಿಯನ್ನು ಮೊದಲೇ ಕೈಬಿಟ್ಟೆ.

ಅಡ್ಡಸಾಲು ಸರಿಯಾಗಿದ್ದು ಕಂಬಸಾಲು ಮಾತ್ರ ತಪ್ಪುತ್ತಿರುವುದು ದೋಷದ ಜಾಗವನ್ನು ಬಹುಮಟ್ಟಿಗೆ ಹೇಳಿಬಿಡುತ್ತದೆ. 5800ರದು ರೆಸಿಸ್ಟಿವ್, ಅಂದರೆ ಒತ್ತಡದಿಂದ ಕೆಲಸ ಮಾಡುವ ಟಚ್. ಕೆಳಗೊಂದು ಗಾಜು, ಮೇಲೊಂದು ಬಾಗಬಲ್ಲ ಪ್ಲಾಸ್ಟಿಕ್ ಹಾಳೆ. ಎರಡರ ಒಳಮೈಗೂ ಇಂಡಿಯಂ ಟಿನ್ ಆಕ್ಸೈಡ್ ಎಂಬ ಪಾರದರ್ಶಕ ವಾಹಕದ ಲೇಪ. ಲೇಪಗಳು ತಾವಾಗಿ ತಗುಲದಂತೆ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಚುಕ್ಕೆಗಳು. ಒಂದು ಪದರದ ಎಡ ಮತ್ತು ಬಲ ಅಂಚುಗಳಲ್ಲಿ, ಇನ್ನೊಂದು ಪದರದ ಮೇಲಿನ ಮತ್ತು ಕೆಳಗಿನ ಅಂಚುಗಳಲ್ಲಿ ಬೆಳ್ಳಿ ಶಾಯಿಯ ಪಟ್ಟಿಗಳಿರುತ್ತವೆ. ಈ ನಾಲ್ಕು ಪಟ್ಟಿಗಳಿಂದ ನಾಲ್ಕು ತಂತಿಗಳು ಬಾಲದಂತಹ ತೆಳು ಕೇಬಲ್ಲಿನ ಮೂಲಕ ಬೋರ್ಡಿಗೆ ಹೋಗುತ್ತವೆ. ಅಡ್ಡ ಸ್ಥಾನ ತಿಳಿಯಬೇಕಾದಾಗ ನಿಯಂತ್ರಕ ಚಿಪ್ಪು ಮೊದಲ ಪದರದ ಎಡ-ಬಲ ಅಂಚುಗಳ ನಡುವೆ ವೋಲ್ಟೇಜ್ ಕೊಟ್ಟು, ಬೆರಳು ಒತ್ತಿದ ಬಿಂದುವಿನ ವೋಲ್ಟೇಜನ್ನು ಎರಡನೆಯ ಪದರದ ಮೂಲಕ ಓದುತ್ತದೆ. ಉದ್ದ ಸ್ಥಾನಕ್ಕೆ ಪಾತ್ರಗಳು ಅದಲುಬದಲಾಗುತ್ತವೆ.

ಈಗ ಮೊದಲ ಪದರದ ಒಂದು ಅಂಚಿನ ತಂತಿ ತುಂಡಾಗಿದೆ ಎಂದುಕೊಳ್ಳೋಣ. ಪ್ರವಾಹ ಹರಿಯಲು ದಾರಿಯೇ ಇಲ್ಲದ್ದರಿಂದ ಇಡೀ ಪದರ ಉಳಿದ ಅಂಚಿನ ವೋಲ್ಟೇಜಿಗೇ ಬಂದು ನಿಲ್ಲುತ್ತದೆ, ಎಲ್ಲಿ ಒತ್ತಿದರೂ ಅಡ್ಡ ಸ್ಥಾನ ಒಂದೇ ತುದಿ ಎಂದು ಓದಿಸುತ್ತದೆ. ಆದರೆ ಉದ್ದ ಸ್ಥಾನ ಓದುವಾಗ ಈ ಪದರ ಕೇವಲ ಸಂಕೇತ ಒಯ್ಯುವ ತಂತಿಯಾಗಿ ಕೆಲಸ ಮಾಡುವುದರಿಂದ, ಉಳಿದಿರುವ ಒಂದು ಅಂಚೇ ಸಾಕಾಗಿ ಸಾಲು ಸರಿಯಾಗಿ ಸಿಗುತ್ತದೆ. ನಮ್ಮ ಫೋನಿನ ವರ್ತನೆ ಪೂರ್ತಿಯಾಗಿ ಇದೇ ಆಗಿದ್ದರಿಂದ ನಿಯಂತ್ರಕವನ್ನೋ ತಂತ್ರಾಂಶವನ್ನೋ ಶಂಕಿಸಲು ಕಾರಣ ಉಳಿಯಲಿಲ್ಲ. ಬಿಚ್ಚುವುದಕ್ಕೆ ಮುನ್ನ ಇಷ್ಟು ಯೋಚಿಸಿಕೊಳ್ಳುವುದರಿಂದ ಬೋರ್ಡನ್ನು ಅನಾವಶ್ಯಕವಾಗಿ ಬಿಸಿ ಮಾಡುವ ಪ್ರಸಂಗ ತಪ್ಪುತ್ತದೆ.

ಬಿಚ್ಚಿದ ಕ್ರಮ

ಮೆಣಸಿನ ಧೂಳು ಒಳಗೆ ಸೇರಿರುವುದು ಗೊತ್ತಿದ್ದುದರಿಂದ ಮುಖಕ್ಕೆ ಮಾಸ್ಕು, ಕೈಗೆ ನೈಟ್ರೈಲ್ ಗವಸು ಹಾಕಿಕೊಂಡೆ. ಬ್ಯಾಡಗಿ ಕಾಯಿ ಖಾರಕ್ಕಿಂತ ಬಣ್ಣಕ್ಕೆ ಹೆಸರಾದದ್ದೇ ಸರಿ, ಆದರೂ ಒಣ ಧೂಳು ಮೂಗಿಗೆ ಹೊಕ್ಕರೆ ಕೈ ಸ್ಥಿರವಾಗಿ ನಿಲ್ಲುವುದಿಲ್ಲ. ಊದುವ ಗಾಳಿಯನ್ನು ಬಳಸಲೇಬಾರದು. ಧೂಳು ಡಿಸ್‌ಪ್ಲೇಯ ಹಿಂಬದಿಯ ಬೆಳಕಿನ ಹಾಳೆಗಳ ನಡುವೆ ಹೋಗಿ ಕೂತರೆ ಅದನ್ನು ತೆಗೆಯುವುದು ಕಷ್ಟ. ಮೃದುವಾದ ಬ್ರಷ್ಷಿನಿಂದ ಕೆಳಮುಖವಾಗಿ ಉದುರಿಸಿದೆ.

ಹಿಂಬದಿಯ ಮುಚ್ಚಳ ಮತ್ತು ಸ್ಟೈಲಸ್ ತೆಗೆದ ಮೇಲೆ ಬ್ಯಾಟರಿ, ಬಳಿಕ ಪಕ್ಕದ ಸೀಳಿನಿಂದ ಮೆಮೊರಿ ಕಾರ್ಡು ಮತ್ತು ಸಿಮ್. ಸಿಮ್ ಪಕ್ಕದಿಂದ ಒಳಗೆ ಹೋಗುತ್ತದೆ. ಹೊರತೆಗೆಯಲು ಬ್ಯಾಟರಿಯ ಜಾಗದಲ್ಲಿರುವ ಕಿಂಡಿಯಿಂದ ಸ್ಟೈಲಸ್ಸಿನ ತುದಿಯಲ್ಲಿ ದೂಡಬೇಕು. ಸಣ್ಣ ಟಾರ್ಕ್ಸ್ ಸ್ಕ್ರೂಗಳನ್ನು ಸಡಿಲಿಸಿದ ಮೇಲೆ ಮುಂಬದಿಯ ಚೌಕಟ್ಟು ಪ್ಲಾಸ್ಟಿಕ್ ಕೊಕ್ಕೆಗಳ ಮೇಲಷ್ಟೇ ನಿಂತಿರುತ್ತದೆ. ಅದನ್ನು ಬಿಡಿಸಲು ಈ ಫೋನಿನ ಜೊತೆಗೇ ಕೊಡುತ್ತಿದ್ದ, ಗಿಟಾರ್ ನುಡಿಸುವ ಪ್ಲೆಕ್ಟ್ರಮ್ ಆಕಾರದ ಪ್ಲಾಸ್ಟಿಕ್ ಬಿಲ್ಲೆ ತುಂಬ ಅನುಕೂಲವಾಯಿತು. ಅದನ್ನು ಪರದೆ ಒತ್ತುವುದಕ್ಕೆಂದು ಕೊಟ್ಟಿದ್ದರೂ ಅದರ ದಪ್ಪ ಸೀಳಿಗೆ ಸರಿಯಾಗಿ ಹೊಂದುತ್ತದೆ.

ಟಚ್ ಗಾಜಿನ ಬಾಲವನ್ನು ಕನೆಕ್ಟರಿನಿಂದ ಬಿಡಿಸಿ ಮಲ್ಟಿಮೀಟರ್ ಇಟ್ಟೆ. ಒಂದು ಜೋಡಿ ತಂತಿಗಳ ನಡುವೆ 700 ಓಮಿನ ಆಸುಪಾಸು ಬಂತು, ಇನ್ನೊಂದು ಜೋಡಿ ಪೂರ್ತಿ ತೆರೆದಿತ್ತು, ಅಂದರೆ ಸಂಪರ್ಕವೇ ಇರಲಿಲ್ಲ. ಕೆಟ್ಟಿರುವುದು ಅಡ್ಡ ದಿಕ್ಕಿನ ಜೋಡಿಯೇ ಎಂಬುದನ್ನು ಅಳತೆಯಿಂದಲೇ ತಿಳಿಯಬಹುದು. ಪರದೆ 16:9ರ ಪ್ರಮಾಣದ್ದಾದ್ದರಿಂದ, ಮೇಲಿಂದ ಕೆಳಕ್ಕೆ ಹರಿಯುವ ಪ್ರವಾಹಕ್ಕೆ ದಾರಿ ಉದ್ದ ಮತ್ತು ಕಿರಿದು, ಎಡದಿಂದ ಬಲಕ್ಕೆ ಹರಿಯುವುದಕ್ಕೆ ದಾರಿ ಗಿಡ್ಡ ಮತ್ತು ಅಗಲ. ಎರಡೂ ಪದರಗಳ ಲೇಪ ಒಂದೇ ಬಗೆಯದಾಗಿದ್ದರೆ ಉದ್ದ ದಿಕ್ಕಿನ ರೋಧ ಅಡ್ಡ ದಿಕ್ಕಿನದಕ್ಕಿಂತ ಸುಮಾರು ಮೂರು ಪಟ್ಟು ಇರಬೇಕು. ಹಾಗಾಗಿ 700 ತೋರಿಸಿದ್ದು ಉದ್ದದ ಜೋಡಿ. ಭೂತಗನ್ನಡಿಯಲ್ಲಿ ನೋಡಿದಾಗ ಬಾಲವು ಗಾಜಿಗೆ ಅಂಟುವ ಜಾಗದಲ್ಲಿ ಬೆಳ್ಳಿಯ ಗೆರೆಯೊಂದು ಕಪ್ಪಾಗಿ ಕಡಿದಿರುವುದು ಕಾಣಿಸಿತು. ಆ ಗೆರೆ ಹಾಳೆ ಮತ್ತು ಗಾಜಿನ ನಡುವೆ ಸಿಕ್ಕಿರುವುದರಿಂದ ವಾಹಕ ಶಾಯಿಯಿಂದ ತೇಪೆ ಹಾಕಲು ಕೈ ಹೋಗುವುದಿಲ್ಲ, ಗಾಜನ್ನೇ ಬದಲಿಸಬೇಕು.

ಬದಲಿ ಗಾಜಿಗಾಗಿ ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯ ಸುತ್ತಲಿನ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿದೆ. ಹೊಸ ಫೋನುಗಳ ಕಾಂಬೊಗಳೇ (ಡಿಸ್‌ಪ್ಲೇಗೆ ಟಚ್ ಗಾಜು ಅಂಟಿಸಿಯೇ ಮಾರುವ ಜೋಡಿಗಳು) ತುಂಬಿರುವ ಕಪಾಟುಗಳ ನಡುವೆ ಹಳೆಯ ಸರಕಿನ ಡಬ್ಬಿಯೊಂದರಲ್ಲಿ ಇದು ಸಿಕ್ಕಿತು. ಕೊಳ್ಳುವ ಮೊದಲು ಅಂಗಡಿಯ ಮೇಜಿನ ಮೇಲೆಯೇ ಮೂರು ಪರೀಕ್ಷೆ ಮಾಡಿದೆ, ಹಳೆಯ ರೆಸಿಸ್ಟಿವ್ ಗಾಜು ಕೊಳ್ಳುವ ಯಾರೇ ಆಗಲಿ ಇವನ್ನು ಮಾಡಲೇಬೇಕು. ಎರಡೂ ಜೋಡಿಗಳ ರೋಧ ಅಳೆಯಬೇಕು. ನನಗೆ 260 ಮತ್ತು 690 ಓಮಿನ ಸುತ್ತ ಬಂದು, ಪರದೆಯ ಆಕಾರ ಹೇಳುವ ಪ್ರಮಾಣಕ್ಕೆ ಹತ್ತಿರವಾಗಿತ್ತು. ಅಡ್ಡದ ಒಂದು ತಂತಿ ಮತ್ತು ಉದ್ದದ ಒಂದು ತಂತಿಯ ನಡುವೆ, ಮುಟ್ಟದಿದ್ದಾಗ ಸಂಪರ್ಕ ಇರಲೇಬಾರದು; ಇದ್ದರೆ ಒಳಗೆ ಚುಕ್ಕೆಗಳು ನಜ್ಜಾಗಿವೆ ಅಥವಾ ಕಸ ಹೊಕ್ಕಿದೆ ಎಂದರ್ಥ. ಕೊನೆಗೆ ಉಗುರಿನಿಂದ ಮೆಲ್ಲಗೆ ಒತ್ತಿ ನಾಲ್ಕೂ ಮೂಲೆಗಳಲ್ಲಿ ಸಂಪರ್ಕ ಮೂಡಿ ಬಿಡುವುದನ್ನು ನೋಡಬೇಕು.

ಇಲ್ಲಿ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಬರೆಯುತ್ತೇನೆ. ಆ ಕಾಲದ ವಿಮರ್ಶೆಗಳಲ್ಲಿ ‘ರೆಸಿಸ್ಟಿವ್’ ಎಂಬುದನ್ನು ಒಂದು ಕೊರತೆಯಾಗಿಯೇ ಎಣಿಸಲಾಯಿತು. ಒತ್ತಡವಿಲ್ಲದೆ ಬೆರಳು ತಗುಲಿದರೇ ಗುರುತಿಸುವ, ನುಣುಪಾಗಿ ಜಾರುವ ಕೆಪಾಸಿಟಿವ್ ಗಾಜಿನ ಮುಂದೆ ಅದು ಹಳತಾಗಿ ಕಂಡದ್ದು ಸಹಜ. ಆದರೆ ಮೇಜಿನ ಮೇಲೆ ಬಿಚ್ಚಿ ನೋಡಿದಾಗ ಅದೇ ಸಾಲು ಫೋನಿನ ಆಯುಷ್ಯವನ್ನು ಹೆಚ್ಚಿಸಿರುವುದು ಗೊತ್ತಾಗುತ್ತದೆ. ಟಚ್ ಪದರ ಡಿಸ್‌ಪ್ಲೇಗೆ ಅಂಟಿಲ್ಲ, ನಾಲ್ಕೇ ತಂತಿಗಳಲ್ಲಿ ಕೆಲಸ ಮಾಡುತ್ತದೆ, ಸಾಧಾರಣ ಮಲ್ಟಿಮೀಟರಿನಿಂದ ಅದರ ಆರೋಗ್ಯವನ್ನು ಅಳೆಯಬಹುದು, ಡಿಸ್‌ಪ್ಲೇಯನ್ನು ಮುಟ್ಟದೆ ಬದಲಿಸಬಹುದು. ಇಷ್ಟಕ್ಕೂ ಮೆಣಸಿನ ರಾಶಿಯ ನಡುವೆ ನಿಂತು ಕೈಗೆ ಬಟ್ಟೆ ಸುತ್ತಿಕೊಂಡೇ ದರ ಕೇಳುವವರಿಗೆ ಉಗುರು, ಪೆನ್ನಿನ ಹಿಂತುದಿ, ಬಟ್ಟೆ ಸುತ್ತಿದ ಬೆರಳು ಎಲ್ಲಕ್ಕೂ ಓಗೊಡುವ ಪರದೆಯೇ ಉಪಯುಕ್ತವಾಗಿತ್ತು.

ಗಾಜು ಕೂರಿಸಿದ್ದು, ಕಿವಿಯ ಸ್ಪೀಕರ್

ಹಳೆಯ ಗಾಜನ್ನು ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿಯಲ್ಲಿ ಬೆಚ್ಚಗೆ ಮಾಡಿ, ಅಂಚಿನ ಎರಡು ಮುಖದ ಅಂಟುಪಟ್ಟಿಯಿಂದ ಬಿಡಿಸಿದೆ. ಚೌಕಟ್ಟಿನ ಮೇಲುಳಿದ ಅಂಟನ್ನು ಪೂರ್ತಿ ತೆಗೆಯುವುದು ಅತ್ಯಗತ್ಯ. ಒಂದು ಕಡೆ ದಪ್ಪ ಉಳಿದರೆ ಗಾಜಿನ ಅಂಚು ಚೌಕಟ್ಟಿನ ಒತ್ತಡಕ್ಕೆ ಸಿಕ್ಕಿ, ಯಾರೂ ಮುಟ್ಟದೆಯೇ ಪದರಗಳು ತಗುಲಿಕೊಳ್ಳುತ್ತವೆ. ಬಾಲವನ್ನು ಮಡಿಸುವಾಗ ಚೂಪಾದ ಮಡಿಕೆ ಬೀಳದಂತೆ ದುಂಡಗೆ ತಿರುಗಿಸಿದೆ, ಏಕೆಂದರೆ ಹಳೆಯ ಗಾಜು ಸತ್ತದ್ದು ಆ ಜಾಗದಲ್ಲಿಯೇ.

ಕಿವಿಯ ಸ್ಪೀಕರಿನ ಸುರುಳಿ ಮೀಟರಿನಲ್ಲಿ 30 ಓಮಿನ ಸಮೀಪ ತೋರಿಸಿದ್ದರಿಂದ ಅದು ಸರಿಯಾಗಿಯೇ ಇತ್ತು. ತೊಂದರೆ ಇದ್ದದ್ದು ಜಾಳಿಗೆಯಲ್ಲಿ ಮತ್ತು ಮಂಕಾದ ಸ್ಪ್ರಿಂಗ್ ತುದಿಗಳಲ್ಲಿ. ಮೆಣಸಿನ ಕೆಂಪು ಬಣ್ಣ ಎಣ್ಣೆಯಲ್ಲಿ ಕರಗುವ ಜಾತಿಯದು, ಒದ್ದೆ ಬಟ್ಟೆಗೆ ಅದು ಅಲುಗುವುದೂ ಇಲ್ಲ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒತ್ತುತ್ತ ಹೋದಾಗ ಜಾಳಿಗೆಯ ಬಣ್ಣ ಹತ್ತಿಗೆ ಇಳಿದು ರಂಧ್ರಗಳು ತೆರೆದವು. ಸ್ಪ್ರಿಂಗ್ ತುದಿಗಳನ್ನೂ ಅದರಿಂದಲೇ ಒರೆಸಿ ತುಸು ಮೇಲಕ್ಕೆತ್ತಿದೆ.

ಕೋಡ್, ಕ್ಯಾಲಿಬ್ರೇಷನ್ ಮತ್ತು ಸಂಖ್ಯೆಗಳ ರಕ್ಷಣೆ

ಫೋನನ್ನು ಅರ್ಧ ಜೋಡಿಸಿದ ಸ್ಥಿತಿಯಲ್ಲೇ ಹಚ್ಚಿ ನೋಡಿದೆ. ಒತ್ತಿದ ಜಾಗ ಮತ್ತು ಓದಿದ ಜಾಗದ ನಡುವೆ ತುಸು ವ್ಯತ್ಯಾಸವಿದ್ದರೂ ಸಂಖ್ಯಾಫಲಕದ ದೊಡ್ಡ ಗುಂಡಿಗಳು ಸರಿಯಾಗಿ ಸಿಕ್ಕಿ ಲಾಕ್ ತೆರೆಯಿತು. ಸೆಟ್ಟಿಂಗ್ಸ್‌ನಲ್ಲಿ ಫೋನ್, ಅದರೊಳಗೆ ಟಚ್ ಇನ್‌ಪುಟ್ ಎಂಬಲ್ಲಿ ಕ್ಯಾಲಿಬ್ರೇಷನ್ ಇದೆ. ಪರದೆಯ ಮೇಲೆ ಒಂದಾದ ಮೇಲೊಂದರಂತೆ ಮೂಡುವ ಗುರುತುಗಳನ್ನು ಸ್ಟೈಲಸ್ಸಿನಿಂದ ಮುಟ್ಟಿದರೆ ಫೋನು ಹೊಸ ಗಾಜಿನ ವೋಲ್ಟೇಜುಗಳನ್ನು ಪರದೆಯ ಬಿಂದುಗಳಿಗೆ ಹೊಂದಿಸಿಕೊಳ್ಳುತ್ತದೆ. ಎರಡು ಗಾಜುಗಳ ಲೇಪ ಸಂಪೂರ್ಣ ಒಂದೇ ಆಗಿರದ ಕಾರಣ, ಗಾಜು ಬದಲಿಸಿದಾಗ ಈ ಹೆಜ್ಜೆಯನ್ನು ಬಿಡಬಾರದು. ಬೆರಳಿಗಿಂತ ಸ್ಟೈಲಸ್ ಬಳಸಿದರೆ ಪಟ್ಟಿಯ ಸಣ್ಣ ಸ್ಕ್ರೋಲ್ ಗೆರೆಯೂ ಕರಾರುವಾಕ್ಕಾಗಿ ಸಿಗುತ್ತದೆ. ಎಸ್60 ಐದನೇ ಆವೃತ್ತಿಯಲ್ಲಿ ಮೆನುವಿನ ಚಿಹ್ನೆಗಳು ಒಂದೇ ಒತ್ತಿಗೆ ತೆರೆದರೆ, ಪಟ್ಟಿಯ ಸಾಲುಗಳು ಮೊದಲ ಒತ್ತಿಗೆ ಆಯ್ಕೆಯಾಗಿ ಎರಡನೆಯದಕ್ಕೆ ತೆರೆಯುತ್ತವೆ. ಹೊಸದಾಗಿ ನೋಡುವವರು ಇದನ್ನು ಟಚ್ ದೋಷ ಎಂದು ತಿಳಿಯಬಾರದು.

ಬೇರೆ ಯಾವ ಪರೀಕ್ಷೆಗೂ ಮುನ್ನ ಸಂಖ್ಯೆಗಳನ್ನು ಕಾಪಾಡಿದೆ. ಕಾಂಟ್ಯಾಕ್ಟ್ಸ್ ಪಟ್ಟಿಯಲ್ಲಿ ಎಲ್ಲವನ್ನೂ ಗುರುತು ಮಾಡಿ ಮೆಮೊರಿ ಕಾರ್ಡಿಗೆ ನಕಲು ಮಾಡಿದರೆ ಕಾರ್ಡಿನ ಅದರ್ಸ್ ಫೋಲ್ಡರಿನೊಳಗೆ ಪ್ರತಿ ಹೆಸರಿಗೊಂದು ವಿಸಿಎಫ್, ಅಂದರೆ ಹೆಸರು-ಸಂಖ್ಯೆಯ ವಿವರವಿರುವ ಕಡತ ಸಿದ್ಧವಾಗುತ್ತದೆ. ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿ, ಕಡತಗಳನ್ನೆಲ್ಲ ಒಂದುಗೂಡಿಸಿ, ಮಾಲೀಕರ ಈಗಿನ ಆಂಡ್ರಾಯ್ಡ್ ಫೋನಿಗೆ ಸೇರಿಸಿದೆ. ಹದಿನೈದು ವರ್ಷ ಹಳೆಯ ಫೋನು ಬರೆದ ಕಡತವನ್ನು ಹೊಸದು ಯಾವ ತಕರಾರೂ ಇಲ್ಲದೆ ಓದಿಕೊಂಡಿತು.

ವಿವರ ಪಟ್ಟಿಯನ್ನು ಸಾಲು ಸಾಲಾಗಿ ಪರಿಶೀಲಿಸಿದ್ದು

ಫೋನು ನಡೆಯಲಾರಂಭಿಸಿದ ಮೇಲೆ ಆ ಕಾಲದ ವಿವರ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಪ್ರತಿಯೊಂದನ್ನೂ ನೋಡಿದೆ. *#0000# ಒತ್ತಿದರೆ ತಂತ್ರಾಂಶದ ಆವೃತ್ತಿ, *#92702689# ಒತ್ತಿದರೆ ಈ ಫೋನಿನಲ್ಲಿ ಈವರೆಗೆ ನಡೆದ ಒಟ್ಟು ಮಾತಿನ ಅವಧಿ ಕಾಣುತ್ತದೆ. ಹಳೆಯ ನೋಕಿಯಾ ಕೊಳ್ಳುವವರಿಗೆ ಎರಡನೆಯದು ಬಹಳ ಉಪಯೋಗಿ.

ಪರದೆ 3.2 ಇಂಚು, 360×640 ಬಿಂದುಗಳು, ಅಂದರೆ ಇಂಚಿಗೆ ಸುಮಾರು 229 ಬಿಂದುಗಳು. ಮೊದಲ ಐಫೋನಿನ 3.5 ಇಂಚಿನ, 320×480ರ ಪರದೆಯಲ್ಲಿ ಇಂಚಿಗೆ 163. 2008ರ ಅಕ್ಟೋಬರಿನಲ್ಲಿ ಮಾರಾಟಕ್ಕೆ ಬಂದ ಮೊದಲ ಆಂಡ್ರಾಯ್ಡ್ ಫೋನಾದ ಎಚ್‌ಟಿಸಿ ಡ್ರೀಮ್‌ನ 3.2 ಇಂಚಿನ, 320×480ರ ಪರದೆಯಲ್ಲಿ ಸುಮಾರು 180. ಕಾಗದದ ಮೇಲೆ ಮೂರರಲ್ಲಿ 5800ರದೇ ಸೂಕ್ಷ್ಮವಾದ ಪರದೆ. ಆದರೆ ಹಳೆಯ ಗಾಜನ್ನು ತೆಗೆದಿಟ್ಟು ಬರಿಯ ಡಿಸ್‌ಪ್ಲೇಯನ್ನು ನೋಡಿದಾಗ ಬಣ್ಣಗಳು ಎಷ್ಟು ಗಾಢವಾಗಿದ್ದವು, ಟಚ್ ಪದರ ಬಂದ ಮೇಲೆ ಎಷ್ಟು ಮಂಕಾದವು ಎಂಬುದನ್ನು ಕಣ್ಣಾರೆ ಕಂಡೆ. ಎರಡು ವಾಹಕ ಲೇಪಗಳು ಮತ್ತು ನಡುವಿನ ಗಾಳಿಯ ಪದರ ಸೇರಿ ಬೆಳಕಿನ ಸುಮಾರು ಐದನೇ ಒಂದು ಭಾಗವನ್ನು ನುಂಗುತ್ತವೆ, ಬಿಸಿಲಿನಲ್ಲಿ ಪ್ರತಿಫಲನವೂ ಹೆಚ್ಚು. ಬಿಂದುಗಳ ಸಂಖ್ಯೆಯನ್ನು ಬರೆಯುವ ಪಟ್ಟಿಯಲ್ಲಿ ಈ ನಷ್ಟಕ್ಕೆ ಸಾಲೇ ಇಲ್ಲ.

ಎರಡು ಬೆರಳುಗಳ ವಿಷಯದಲ್ಲಿ ಕೆಪಾಸಿಟಿವ್ ಗಾಜಿನ ಮೇಲುಗೈ ಪ್ರಶ್ನಾತೀತ. ನಾಲ್ಕು ತಂತಿಯ ಗಾಜಿನ ಮೇಲೆ ಎರಡು ಕಡೆ ಒಟ್ಟಿಗೆ ಒತ್ತಿದರೆ ಫೋನು ಎರಡರ ನಡುವಿನ ಯಾವುದೋ ಒಂದು ಬಿಂದುವನ್ನು ಓದುತ್ತದೆ. ಕೈಬರಹದ ಚೌಕದಲ್ಲಿ ಪ್ರಯೋಗ ಮಾಡಿದಾಗ ಗೆರೆ ನಡುವಿಗೆ ಹಾರಿತು. 1994ರಲ್ಲಿ ಮಾರಾಟವಾದ ಐಬಿಎಂ ಸೈಮನ್‌ನಿಂದ ಹಿಡಿದು ಸೋನಿ ಎರಿಕ್ಸನ್‌ನ ಪಿ ಸರಣಿಯವರೆಗೆ ಒಂದೇ ಬಿಂದುವಿನ ಸ್ಪರ್ಶವೇ ನಡೆದುಬಂದಿತ್ತು. ಎಲ್‌ಜಿ ಪ್ರಾಡಾ ಮತ್ತು ಐಫೋನು ಕೆಪಾಸಿಟಿವ್ ಗಾಜನ್ನು ಫೋನಿಗೆ ತಂದವು. ಚಿತ್ರವನ್ನು ಎರಡು ಬೆರಳಿನಿಂದ ಹಿಗ್ಗಿಸುವ ಅಭ್ಯಾಸವನ್ನು ಜನರಿಗೆ ಹಿಡಿಸಿದ್ದು ಐಫೋನು.

ಉಳಿದವುಗಳಲ್ಲಿ 5800 ಈಗಲೂ ಗಟ್ಟಿಯಾಗಿದೆ. 434 ಮೆಗಾಹರ್ಟ್ಸ್ ವೇಗದ ಎಆರ್‌ಎಂ11 ಪ್ರೊಸೆಸರ್, 128 ಎಂಬಿ ರ್‍ಯಾಮ್, ಬಳಕೆಗೆ 81 ಎಂಬಿ ಒಳ ಮೆಮೊರಿ: ಕೇಳಿದರೆ ತೀರ ಕಡಿಮೆ ಎನಿಸಿದರೂ ಮೆನು, ಹಾಡು, ಗ್ಯಾಲರಿ ತಡವರಿಸದೆ ತೆರೆಯುತ್ತವೆ. 3.2 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಕಾರ್ಲ್ ಝೈಸ್ ಮಸೂರ, ಆಟೋಫೋಕಸ್, ಎರಡು ಎಲ್‌ಇಡಿಯ ಫ್ಲಾಶ್ ಇವೆ. ವೀಡಿಯೊ 640×480ರಲ್ಲಿ ಸೆಕೆಂಡಿಗೆ 30 ಚೌಕಟ್ಟು. ಮೊದಲ ಐಫೋನಿನಲ್ಲಿ 2 ಮೆಗಾಪಿಕ್ಸೆಲ್ ಕ್ಯಾಮೆರಾ ಇದ್ದು ವೀಡಿಯೊ ತೆಗೆಯುವ ಸೌಲಭ್ಯವೇ ಇರಲಿಲ್ಲ. ಎಡಪಕ್ಕದ ಜೋಡಿ ಸ್ಪೀಕರುಗಳು ಇಂದಿಗೂ ಕೋಣೆ ತುಂಬುವಷ್ಟು ಕೇಳುತ್ತವೆ, 3.5 ಮಿಲಿಮೀಟರ್ ಜ್ಯಾಕಿಗೆ ಯಾವ ಹೆಡ್‌ಫೋನೂ ಹೊಂದುತ್ತದೆ. ಜಿಪಿಎಸ್ ಮಹಡಿಯ ಮೇಲೆ ತೆರೆದ ಆಕಾಶದಡಿ ಕೆಲವು ನಿಮಿಷ ತೆಗೆದುಕೊಂಡು ಹಾವೇರಿಯ ಸ್ಥಾನವನ್ನು ಸರಿಯಾಗಿ ಹೇಳಿತು.

ಸೋತದ್ದು ಹೊರಜಗತ್ತಿನ ಮೇಲೆ ನಿಂತ ಭಾಗಗಳು. ವೈಫೈ ಮನೆಯ ರೌಟರಿಗೆ ಸೇರಿತಾದರೂ ಇಂದಿನ ಜಾಲತಾಣಗಳ ಗೂಢಲಿಪಿಯ ಕ್ರಮ ಇದರ ಬ್ರೌಸರಿಗೆ ಗೊತ್ತಿಲ್ಲದ್ದರಿಂದ ಹೆಚ್ಚಿನ ಪುಟಗಳು ತೆರೆಯಲಿಲ್ಲ. ಕನ್ನಡದ ಪುಟಗಳನ್ನು ಇಂತಹ ಫೋನುಗಳಲ್ಲಿ ಓದಿದವರಿಗೆ ಒಪೆರಾ ಮಿನಿಯ ವಿಳಾಸಪಟ್ಟಿಯಲ್ಲಿ ‘ಒಪೆರಾ:ಕಾನ್ಫಿಗ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಿ, ಸಂಕೀರ್ಣ ಲಿಪಿಗಳಿಗೆ ಬಿಟ್‌ಮ್ಯಾಪ್ ಅಕ್ಷರ ಬಳಸುವ ಆಯ್ಕೆಯನ್ನು ಹಚ್ಚಿದ್ದು ನೆನಪಿರಬಹುದು; ಒತ್ತಕ್ಷರಗಳು ಚೌಕಗಳಾಗಿ ಒಡೆಯದೆ, ಸರ್ವರಿನಲ್ಲಿಯೇ ಚಿತ್ರವಾಗಿ ಬರುತ್ತಿದ್ದವು. 2ಜಿ, 3ಜಿ ಜಾಲವಿಲ್ಲದ ಕಂಪನಿಯ ಸಿಮ್ ಇದಕ್ಕೆ ಪ್ರಯೋಜನವಿಲ್ಲ. ಬಿಎಸ್ಎನ್ಎಲ್‌ನ ನ್ಯಾನೋ ಸಿಮ್ಮನ್ನು ಅಡಾಪ್ಟರಿನಲ್ಲಿ ಕೂರಿಸಿ 2ಜಿಯಲ್ಲಿ ಕರೆ ಮಾಡಿದಾಗ, ಶುಚಿಗೊಳಿಸಿದ ಕಿವಿಯ ಸ್ಪೀಕರಿನಲ್ಲಿ ಧ್ವನಿ ನಿಚ್ಚಳವಾಗಿ ಬಂತು.

ಮೈಕ್ರೊ ಯುಎಸ್‌ಬಿ ಕಿಂಡಿ ಇದ್ದರೂ ಅದರಿಂದ ಈ ಫೋನು ಚಾರ್ಜ್ ಆಗುವುದಿಲ್ಲ, 2 ಮಿಲಿಮೀಟರಿನ ತೆಳು ಪಿನ್ನಿನ ನೋಕಿಯಾ ಚಾರ್ಜರೇ ಬೇಕು. ಹಾಗಾಗಿ ಫೋನಿನ ಜೊತೆ ಅಂತಹ ಚಾರ್ಜರೊಂದನ್ನೂ ಕೊಟ್ಟಿದ್ದೇನೆ. ದಿನವೂ ಬಳಸದೆ ಎತ್ತಿಡುವುದಾದರೆ ಬ್ಯಾಟರಿಯನ್ನು ಅರ್ಧದಷ್ಟು ಚಾರ್ಜಿನಲ್ಲಿ, 3.8 ವೋಲ್ಟಿನ ಸುತ್ತ ನಿಲ್ಲಿಸಿ, ಫೋನಿನಿಂದ ಹೊರತೆಗೆದು ಇಡುವಂತೆ ಚೀಟಿ ಬರೆದಿಟ್ಟಿದ್ದೇನೆ. ಡಿಸ್‌ಪ್ಲೇ ಮತ್ತು ಗಾಜಿನ ನಡುವಿನ ಧೂಳುತಡೆ ಸ್ಪಂಜಿನ ಪಟ್ಟಿ ಎರಡು ಕಡೆ ಪುಡಿಯಾಗಿದ್ದು, ಅದನ್ನು ತೆಳುವಾದ ಫೋಮ್ ಟೇಪಿನಿಂದ ಕತ್ತರಿಸಿ ಹಾಕುವ ಕೆಲಸ ಬಾಕಿ ಇದೆ. ಮೆಣಸಿನ ಹಂಗಾಮಿಗೆ ಮುಂಚೆ ಅದು ಮುಗಿಯಬೇಕು.